2025ರಲ್ಲಿ ನಿಮಗೆ ತುಂಬಾ ಇಷ್ಟವಾದ ಕನ್ನಡ ಸಿನಿಮಾಗಳು ಯಾವುವು?

ನೀವು ಪುಣೆಯಲ್ಲಿದ್ದೀರಿ, ವರ್ಷವಿಡೀ ಥಿಯೇಟರಿಗೆ ಹೋಗಿ ನೋಡಿದ ಕನ್ನಡ ಸಿನಿಮಾ ಅಂದರೆ ‘ಕಾಂತಾರ ಅಧ್ಯಾಯ 1’ ಒಂದೇ, ಈಗ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಜೊತೆಗೆ ಕೂತು ನೋಡೋಕೆ ಇನ್ನೇನಿದೆ ಅಂತ ಕೇಳಿದ್ದೀರಿ. ಕಲೆಕ್ಷನ್ ಲೆಕ್ಕ ಬೇಡ, ನಿಮಗೆ ಇಷ್ಟ ಆಗಿದ್ದು ಹೇಳಿ ಅಂತಲೂ ಸೇರಿಸಿದ್ದೀರಿ. ಒಳ್ಳೇದಾಯ್ತು. ನಾನು ಶಿವಮೊಗ್ಗದವನು, ವಿಮರ್ಶಕ ಗಿಮರ್ಶಕ ಏನಲ್ಲ, ಶುಕ್ರವಾರ ಬಂತು ಅಂದರೆ ಮನೆಯಲ್ಲಿ ಕಾಲು ನಿಲ್ಲದ ಜಾತಿ.

ಸಿನಿಮಾ ನೋಡಿ ತಿಂಗಳಾದ ಮೇಲೂ ಹೀರೋ ಹೆಸರು ಎಲ್ಲರಿಗೂ ನೆನಪಿರುತ್ತೆ, ಅದೇನು ದೊಡ್ಡ ವಿಷಯ ಅಲ್ಲ. ಆಟೋದವನು, ಪಕ್ಕದ ಮನೆಯ ಹೆಂಗಸು, ಮದುವೆ ಮನೆಯಲ್ಲಿ ಸುಮ್ಮನೆ ಓಡಾಡಿಕೊಂಡಿದ್ದವನು, ಇವರು ನೆನಪಿದ್ದಾರಾ ಅಂತ ನಾನು ನೋಡಿಕೊಳ್ಳುತ್ತೇನೆ. ಇದ್ದರೆ ಆ ಸಿನಿಮಾ ನನಗೆ ಹಿಡಿಸಿದೆ ಅಂತಲೇ ಅರ್ಥ. ಈ ಲೆಕ್ಕದಲ್ಲಿ 2025 ನನಗೆ ಭರ್ಜರಿ ವರ್ಷ. ಗಾಂಧಿನಗರದವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಮೊದಲ ಆರು ತಿಂಗಳು ವಾರ ವಾರ ಸಿನಿಮಾ ಬಂದವು, ಬಂದಷ್ಟೇ ಬೇಗ ಹೋದವು. ಜನ ಥಿಯೇಟರಿಗೆ ಬರೋದೇ ಬಿಟ್ಟರು ಅನ್ನೋ ಮಾತು ಶುರುವಾಗಿತ್ತು.

ಆಗ ಜುಲೈ 25ಕ್ಕೆ ‘ಸು ಫ್ರಮ್ ಸೋ’ ಬಂತು. ನೀವು ಇದನ್ನು ನೋಡಿಲ್ಲ ಅಂದಿದ್ದೇ ನನಗೆ ಆಶ್ಚರ್ಯ. ಜೆ.ಪಿ. ತುಮಿನಾಡು ನಿರ್ದೇಶನದ ಮೊದಲ ಸಿನಿಮಾ, ಕಥೆಯೂ ಅವರದೇ, ಮುಖ್ಯ ಪಾತ್ರವೂ ಅವರದೇ. ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಒಬ್ಬರು. ಹೆಸರಿಗೆ ಹೆದರಬೇಡಿ, ‘ಸೋಮೇಶ್ವರದ ಸುಲೋಚನಾ’ ಅಂತ ಅಷ್ಟೇ. ಕರಾವಳಿಯ ಒಂದು ಹಳ್ಳಿ. ಅಶೋಕ ಅನ್ನೋ ಹುಡುಗ ಯಾರದೋ ಬಚ್ಚಲು ಮನೆ ಇಣುಕೋಕೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾನೆ. ಮರ್ಯಾದೆ ಉಳಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದವನ ಹಾಗೆ ಆಡುತ್ತಾನೆ. ಊರು ನಂಬಿಬಿಡುತ್ತೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರುತ್ತಾ ಹೋಗಿ, ದೆವ್ವದ ಹೆಸರು, ವಿಳಾಸ, ಸಂಸಾರ ಎಲ್ಲ ಹುಟ್ಟಿಕೊಳ್ಳುತ್ತೆ.

ಕಥೆ ಇಷ್ಟೇ. ಮಜಾ ಇರೋದು ಊರಿನ ಜನರಲ್ಲಿ. ಏನಾದರೂ ಆದರೆ ಎಲ್ಲರೂ ರವಿಯಣ್ಣನ ಮುಖ ನೋಡುತ್ತಾರೆ, ಶನೀಲ್ ಗೌತಮ್ ಮಾಡಿದ ಪಾತ್ರ. ಊರಿಗೆಲ್ಲ ಧೈರ್ಯ ಹೇಳೋ ಆ ಗಂಡಸು ಒಳಗೊಳಗೇ ಎಷ್ಟು ಒಂಟಿ ಅನ್ನೋದನ್ನು ಒಂದು ಡೈಲಾಗೂ ಇಲ್ಲದೆ ತೋರಿಸುತ್ತಾರೆ. ಆಮೇಲೆ ಬಾವ. ಪುಷ್ಪರಾಜ್ ಬೋಳಾರ್ ಮಾಡಿರೋ ಈ ಬಾವ ಸಮಾರಂಭಕ್ಕೆ ಕಾಲಿಟ್ಟರೆ ಥಿಯೇಟರಿನಲ್ಲಿ ಅರ್ಧ ಜನ ಎದ್ದು ‘ಬಾವ ಬಂದರೋ’ ಅಂತ ಕೂಗುತ್ತಿದ್ದರು. ಎರಡು ವಾರ ಕಳೆಯೋದರೊಳಗೆ ಮದುವೆ ಮನೆಗಳಲ್ಲಿ ನಿಜವಾದ ಬಾವಂದಿರನ್ನು ಅದೇ ‘ಬಾವ ಬಂದರೋ’ ಹಾಡು ಹಾಕಿ ಒಳಗೆ ಕರೆತರುವ ರೀಲ್ಸ್ ಮೊಬೈಲ್ ತುಂಬಾ! ಆಟೋ ಚಂದ್ರನಾಗಿ ಪ್ರಕಾಶ್ ತುಮಿನಾಡು ಇದ್ದಾರೆ. 2022ರ ‘ಕಾಂತಾರ’ದಲ್ಲಿ ರಾಂಪ ಅಂತ ಇದ್ದನಲ್ಲ, ಅವರೇ. ಇವರೆಲ್ಲ ಬಹುತೇಕ ತುಳು ನಾಟಕಗಳಲ್ಲಿ ಪಳಗಿದವರು. ಎದುರಿಗೆ ಜನ ಕೂತಿರುವಾಗ ಎಲ್ಲಿ ನಿಲ್ಲಿಸಿದರೆ ನಗು ಬರುತ್ತೆ, ಎಲ್ಲಿ ಅರ್ಧ ಕ್ಷಣ ಕಾಯಬೇಕು ಅನ್ನೋದು ಅವರಿಗೆ ರಾತ್ರಿ ರಾತ್ರಿ ಸ್ಟೇಜ್ ಮೇಲೆ ಸಿಕ್ಕ ವಿದ್ಯೆ. ಒಬ್ಬ ಡೈಲಾಗ್ ಹೇಳುವಾಗ ಹಿಂದೆ ನಿಂತ ಐದು ಜನ ಏನು ಮಾಡುತ್ತಿದ್ದಾರೆ ನೋಡಿ. ಒಬ್ಬರೂ ಖಾಲಿ ನಿಂತಿರುವುದಿಲ್ಲ. ಒಬ್ಬ ಪಂಚೆ ಸರಿಮಾಡಿಕೊಳ್ಳುತ್ತಿದ್ದರೆ ಇನ್ನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಊದುತ್ತಿರುತ್ತಾನೆ. ನಾನು ಎರಡನೇ ಸಲ ಹೋಗಿದ್ದೇ ಹಿಂದೆ ನಿಂತವರನ್ನು ನೋಡೋಕೆ.

ಸುಲೋಚನಾಳ ಮಗಳು ಭಾನು (ಸಂಧ್ಯಾ ಅರಕೆರೆ) ಆ ಊರಿಗೆ ಬಂದ ಮೇಲೆ ಸಿನಿಮಾ ಮೆಲ್ಲಗೆ ಬೇರೆ ದಾರಿ ಹಿಡಿಯುತ್ತೆ. ಅಲ್ಲಿವರೆಗೆ ನಾವು ನಕ್ಕಿದ್ದು ಯಾರ ಹೆಸರು ಹಿಡಿದುಕೊಂಡು ಅನ್ನೋದು ಗೊತ್ತಾಗುತ್ತೆ. ಹೆಂಗಸರನ್ನು ಕದ್ದು ನೋಡೋಕೆ ಹೋದವನ ಬಾಯಿಂದಲೇ ಒಬ್ಬ ಹೆಂಗಸಿನ ನೋವು ಹೊರಗೆ ಬರಬೇಕಾದ ಪರಿಸ್ಥಿತಿ, ಒಳ್ಳೆಯ ಐಡಿಯಾ. ಆದರೆ ಅಶೋಕನನ್ನು ಕೊನೆಗೆ ತುಸು ಸುಲಭವಾಗಿ ಬಿಟ್ಟುಬಿಟ್ಟರು ಅಂತ ನನ್ನ ತಕರಾರು. ಇಣುಕಿದ್ದು ತಮಾಷೆಯಲ್ಲೇ ತೇಲಿ ಹೋಗುತ್ತೆ. ನನ್ನ ಹೆಂಡತಿಗೆ ಈ ವಿಷಯದಲ್ಲಿ ನನಗಿಂತ ಹೆಚ್ಚು ಸಿಟ್ಟಿದೆ, ಆಕೆ ಅರ್ಧ ಮಾರ್ಕು ಕಡಿದಿದ್ದಾಳೆ.

ಕೆಲವೇ ಕೋಟಿಯಲ್ಲಿ ಮಾಡಿದ ಸಿನಿಮಾ ನೂರು ಕೋಟಿ ದಾಟಿತು, ಮಲಯಾಳಂಗೆ ದುಲ್ಕರ್ ಸಲ್ಮಾನ್ ಅವರ ಕಂಪನಿ ಕೊಂಡುಹೋಯಿತು. ಲೆಕ್ಕ ಬೇಡ ಅಂದಿದ್ದೀರಿ, ಕ್ಷಮಿಸಿ, ಖುಷಿಗೆ ಹೇಳಿದೆ. ಜಿಯೊಹಾಟ್‌ಸ್ಟಾರ್‌ಗೆ ಸೆಪ್ಟೆಂಬರ್‌ನಲ್ಲೇ ಬಂದಿದೆ. ಕುಡಿತದ ದೃಶ್ಯಗಳಿವೆ, ಅಪ್ಪ ಅಮ್ಮನ ಎದುರು ಮುಜುಗರ ಪಡುವಷ್ಟೇನೂ ಇಲ್ಲ.

ನನ್ನ ಮನಸ್ಸಿನ ಮೊದಲ ಸ್ಥಾನ ಮಾತ್ರ ‘ಅಜ್ಞಾತವಾಸಿ’ಗೆ. ಏಪ್ರಿಲ್ 11ಕ್ಕೆ ಬಂತು, ನಮ್ಮೂರಲ್ಲಿ ವಾರ ತುಂಬೋದರೊಳಗೆ ಶೋ ಕಿತ್ತರು. ನಾನು ನೋಡಿದ ಶೋನಲ್ಲಿ ಬಾಲ್ಕನಿ ಪೂರ್ತಿ ಖಾಲಿ. ಜನಾರ್ದನ್ ಚಿಕ್ಕಣ್ಣ ನಿರ್ದೇಶನ, ‘ಸಪ್ತ ಸಾಗರದಾಚೆ ಎಲ್ಲೋ’ ಮಾಡಿದ ಹೇಮಂತ್ ಎಂ. ರಾವ್ ನಿರ್ಮಾಣ. ಕಾಲ 1997, ಮಲೆನಾಡಿನ ಒಂದು ಊರು. ಆ ಊರಿನ ಪೊಲೀಸ್ ಸ್ಟೇಷನ್‌ನಲ್ಲಿ ವರ್ಷಗಟ್ಟಲೆ ದೊಡ್ಡ ಕೇಸೇ ದಾಖಲಾಗಿಲ್ಲ. ಅಂಥ ಕಡೆ ಊರಿನ ದೊಡ್ಡ ಮನುಷ್ಯರೊಬ್ಬರ ಸಾವಾಗುತ್ತೆ, ಇನ್‌ಸ್ಪೆಕ್ಟರಿಗೆ ಅದು ಸಹಜ ಸಾವು ಅನ್ನಿಸುವುದಿಲ್ಲ. ಇನ್‌ಸ್ಪೆಕ್ಟರ್ ಪಾತ್ರ ರಂಗಾಯಣ ರಘು ಅವರದು.

ರಘು ಅವರನ್ನು ನಾವು ಎಷ್ಟೊಂದು ವರ್ಷ ಕಿರುಚಿಸಿ, ಕಣ್ಣು ಹೊರಳಿಸಿ, ಹೀರೋ ಪಕ್ಕದಲ್ಲಿ ಓಡಿಸಿದೆವು! ಬಿ.ವಿ. ಕಾರಂತರ ರಂಗಾಯಣದಲ್ಲಿ ತಯಾರಾದ ನಟ. 2024ರ ‘ಶಾಖಾಹಾರಿ’ಯಲ್ಲಿ ಹೋಟೆಲ್ ಸುಬ್ಬಣ್ಣನಾಗಿ ಒಂದು ರುಚಿ ತೋರಿಸಿದ್ದರು. ಇಲ್ಲಿ ಪೂರಾ ಊಟ. ಮಾತೇ ಕಡಿಮೆ. ಈ ಇನ್‌ಸ್ಪೆಕ್ಟರ್ ಕೂಗಾಡುವುದಿಲ್ಲ, ಬೂಟು ಕುಟ್ಟುವುದಿಲ್ಲ. ಎದುರಿನವನು ಸುಳ್ಳು ಹೇಳುತ್ತಿದ್ದಾನೆ ಅಂತ ಅವರಿಗೆ ಗೊತ್ತಾದದ್ದು ನಮಗೆ ಗೊತ್ತಾಗೋದು ಅವರು ಸುಮ್ಮನಾಗೋ ರೀತಿಯಲ್ಲಿ.

ಈ ಸಿನಿಮಾದಲ್ಲಿ ನನಗೆ ಮರೆಯೋಕಾಗದ ಇನ್ನೊಂದು ಪಾತ್ರ ಮನುಷ್ಯರದ್ದಲ್ಲ, ಒಂದು ಕಂಪ್ಯೂಟರ್. ಊರಿಗೆ ಬಂದ ಮೊದಲನೆಯದು. ನಮ್ಮ ಕಡೆ 97ರ ಸುಮಾರಿಗೆ ಕಂಪ್ಯೂಟರ್ ಅಂದರೆ ಏನು ಅಂತ ನಿಮ್ಮ ಅಪ್ಪನನ್ನು ಕೇಳಿ, ಹೇಳುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಕೆಲಸ ಮುಗಿದ ಮೇಲೆ ದೇವರ ಫೋಟೋಗೆ ಹಾಕಿದ ಹಾಗೆ ಬಟ್ಟೆ ಮುಚ್ಚಬೇಕು. ಅದನ್ನು ಕಲಿಯಬೇಕು ಅಂತ ಆಸೆಪಡುವ ಪಂಕಜಾ, ಕಲಿಸುವ ಹುಡುಗ, ಸುತ್ತ ಹಬ್ಬೋ ಮಾತು, ಇದರ ಸುತ್ತಲೇ ಕೊಲೆಯ ಎಳೆಯೂ ಇದೆ. ಇದಕ್ಕಿಂತ ಜಾಸ್ತಿ ಹೇಳಿದರೆ ನಿಮ್ಮ ಮಜಾ ಹಾಳು. ಅದ್ವೈತ ಗುರುಮೂರ್ತಿ ಕ್ಯಾಮೆರಾದಲ್ಲಿ ಹಿಡಿದ ಮಲೆನಾಡು, ಪ್ರವಾಸೋದ್ಯಮದ ಪೋಸ್ಟರಿನ ಹಸಿರು ಅಲ್ಲ, ಗೋಡೆ ತೇವ ಕುಡಿದು ಒಳಗೆಲ್ಲ ಕತ್ತಲೆ ಇರುತ್ತಲ್ಲ, ಆ ಮಲೆನಾಡು. ಅಲ್ಲೇ ಹುಟ್ಟಿ ಬೆಳೆದ ನನಗೆ ವಾಸನೆಯೂ ಬಂದ ಹಾಗಾಯ್ತು. ನಿಧಾನ ಇದೆ ಅಂತ ಕೆಲವರು ಬೈದರು. ನಿಧಾನ ಇರೋದು ನಿಜ, ಮೊದಲ ಅರ್ಧ ಗಂಟೆ ಮೊಬೈಲ್ ಬೇರೆ ರೂಮಿನಲ್ಲಿ ಇಟ್ಟು ಬನ್ನಿ. ಜೀ5ನಲ್ಲಿದೆ.

ಮೂರನೆಯದು ‘ಮಿಥ್ಯ’. ಸುಮಂತ್ ಭಟ್ ನಿರ್ದೇಶನ, ರಕ್ಷಿತ್ ಶೆಟ್ಟಿ ನಿರ್ಮಾಣ. 2023ರಲ್ಲೇ ಮುಂಬೈ ಚಿತ್ರೋತ್ಸವದಲ್ಲಿ ತೋರಿಸಿದ್ದರು, ಥಿಯೇಟರಿಗೆ ಬರೋಕೆ 2025ರ ಮಾರ್ಚ್ ಆಯ್ತು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಹುಡುಗ ಮುಂಬೈಯಿಂದ ಉಡುಪಿ ಕಡೆಯ ಚಿಕ್ಕಮ್ಮನ ಮನೆಗೆ ಬರುತ್ತಾನೆ, ಜೊತೆಗೊಬ್ಬಳು ಪುಟ್ಟ ತಂಗಿ. ಇಂಥ ಕಥೆ ಅಂದರೆ ನಾವು ಕರ್ಚೀಫು ಹಿಡಿದೇ ಕೂರುತ್ತೇವೆ. ಆದರೆ ಈ ಸಿನಿಮಾ ನಮ್ಮನ್ನು ಅಳಿಸೋಕೆ ಹೋಗುವುದೇ ಇಲ್ಲ, ಯಾಕೆಂದರೆ ಹುಡುಗನೇ ಅಳೋದಿಲ್ಲ. ಸಿಡುಕುತ್ತಾನೆ, ಹೊಸ ಗೆಳೆಯರ ಮುಂದೆ ಏನೋ ಆದವನ ಹಾಗೆ ಆಡುತ್ತಾನೆ, ದೊಡ್ಡವರು ಪಿಸುಗುಟ್ಟೋದನ್ನು ಕೇಳಿಸಿಕೊಂಡೂ ಕೇಳಿಸದ ಹಾಗೆ ಇರುತ್ತಾನೆ. ಅತೀಶ್ ಶೆಟ್ಟಿ ಅನ್ನೋ ಆ ಹುಡುಗನಿಗೆ ಯಾರು ಹೇಗೆ ಹೇಳಿಕೊಟ್ಟರೋ. ಇಲ್ಲೂ ಪ್ರಕಾಶ್ ತುಮಿನಾಡು ಇದ್ದಾರೆ, ಚಿಕ್ಕಪ್ಪನಾಗಿ. ಆಟೋ ಚಂದ್ರನನ್ನು ನೋಡಿದ ಮರುದಿನ ಈ ಚಿಕ್ಕಪ್ಪನನ್ನು ನೋಡಿ, ಒಬ್ಬನೇ ಮನುಷ್ಯ ಅಂತ ನಂಬೋಕಾಗಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವು ನೋವು ಏನಾದರೂ ಆಗಿದ್ದರೆ ಅಪ್ಪ ಅಮ್ಮನ ಜೊತೆ ಇದು ಬೇಡ, ನೀವೊಬ್ಬರೇ ಇರುವಾಗ ಹಾಕಿಕೊಳ್ಳಿ.

ಇನ್ನು ನೀವು ನೋಡಿರೋ ‘ಕಾಂತಾರ ಅಧ್ಯಾಯ 1’. ಬೈಯೋಕೆ ಮನಸ್ಸಿಲ್ಲ. ರಥ ಹಿಡಿತ ತಪ್ಪಿ ಓಡುತ್ತಲ್ಲ, ಆ ದೃಶ್ಯದಲ್ಲಿ ನಾನೂ ಸೀಟಿನ ತುದಿಗೆ ಬಂದಿದ್ದೆ. ಕನ್ನಡದಲ್ಲಿ ಈ ಮಟ್ಟದ ಕೆಲಸ ನೋಡಿ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ರುಕ್ಮಿಣಿ ವಸಂತ್ ಕನಕವತಿಯಾಗಿ ಕೊನೆಕೊನೆಗೆ ತೋರಿಸುವ ಮುಖವೂ ಚೆನ್ನಾಗಿದೆ. ಆದರೆ ನನ್ನ ಲೆಕ್ಕ ಹಾಕಿ ನೋಡಿ. 2022ರದ್ದರಲ್ಲಿ ರಾಂಪ, ಬುಲ್ಲ, ಸುಂದರ, ಶಿವನ ಅಮ್ಮ ಕಮಲಕ್ಕ, ಎಲ್ಲರೂ ಈಗಲೂ ಬಾಯಲ್ಲಿದ್ದಾರೆ. ಇದರಲ್ಲಿ ಬೆರ್ಮೆ, ಕನಕವತಿ, ಕುಲಶೇಖರ ಬಿಟ್ಟರೆ ನಾಲ್ಕನೇ ಹೆಸರು ಹೇಳಿ ನೋಡೋಣ? ದೊಡ್ಡ ಅರಮನೆ, ದೊಡ್ಡ ಯುದ್ಧ, ದೊಡ್ಡ ಕಾಡು ಬಂದ ಕೂಡಲೇ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯೋರಿಗೆ ಜಾಗ ಸಾಲಲಿಲ್ಲ. ಅದರಲ್ಲೂ ರಾಕೇಶ್ ಪೂಜಾರಿ ಬಂದಾಗಲೆಲ್ಲ ನಗೋಕೆ ಹೋಗಿ ಗಂಟಲು ಕಟ್ಟುತ್ತಿತ್ತು. ‘ಕಾಮಿಡಿ ಕಿಲಾಡಿಗಳು’ ಗೆದ್ದ ಹುಡುಗ, ಸಿನಿಮಾ ತೆರೆಗೆ ಬರುವ ಮೊದಲೇ ಮೇ ತಿಂಗಳಲ್ಲಿ ಹೃದಯಾಘಾತದಿಂದ ಹೋಗಿಬಿಟ್ಟ.

ಇದೇ ಹೊತ್ತಿಗೆ ಟಿಕೆಟ್ ದರದ ಗಲಾಟೆಯೂ ನಡೆಯಿತು. ಬಹುತೇಕ ಎಲ್ಲ ಕಡೆ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಅಂತ ಸರ್ಕಾರ ಸೆಪ್ಟೆಂಬರ್‌ನಲ್ಲಿ ನಿಯಮ ತಂತು, ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಅಷ್ಟರಲ್ಲಿ ‘ಕಾಂತಾರ’ ಬಂತು. ನಾಲ್ಕು ಜನರ ಸಂಸಾರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ದೊಡ್ಡ ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದು ಬಂದರೆ ಆ ತಿಂಗಳ ಸಿನಿಮಾ ದುಡ್ಡು ಖಲಾಸ್. ‘ಅಜ್ಞಾತವಾಸಿ’ಗೆ ಬಾಲ್ಕನಿ ಖಾಲಿ ಇದ್ದಿದ್ದು ಸುಮ್ಮನೆ ಅಲ್ಲ.

ಇನ್ನೂ ಟೈಮ್ ಉಳಿದರೆ: ‘ಏಳುಮಲೆ’, ಚಾಮರಾಜನಗರದ ಗಡಿ, ವೀರಪ್ಪನ್ ಕಾಲ, ಕನ್ನಡದ ಹುಡುಗ ತಮಿಳಿನ ಹುಡುಗಿ, ಒಂದು ರಾತ್ರಿಯ ಓಟ. ಮೊದಲಾರ್ಧಕ್ಕೆ ಫುಲ್ ಮಾರ್ಕ್ಸ್, ಆಮೇಲೆ ಸ್ವಲ್ಪ ಎಳೆದಿದ್ದಾರೆ. ‘ಪಪ್ಪಿ’ ಉತ್ತರ ಕರ್ನಾಟಕದ ಮಾತಿನ ಇಬ್ಬರು ಹುಡುಗರು ಮತ್ತು ಒಂದು ನಾಯಿಯ ಕಥೆ, ನಿಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲು ಅದನ್ನೇ ಹಾಕಿ. ಬೇರೆ ಭಾಷೆ ಆದರೂ ಪರವಾಗಿಲ್ಲ ಅಂದರೆ ತಮಿಳಿನ ‘ಟೂರಿಸ್ಟ್ ಫ್ಯಾಮಿಲಿ’. ಶ್ರೀಲಂಕಾದಿಂದ ಕದ್ದು ಬಂದ ಸಂಸಾರ ಒಂದು ಬೀದಿಯ ಜನರನ್ನೆಲ್ಲ ತಮ್ಮವರನ್ನಾಗಿ ಮಾಡಿಕೊಳ್ಳುತ್ತೆ, ಅಮ್ಮಂದಿರಿಗೆ ಹೇಳಿ ಮಾಡಿಸಿದ್ದು. ಹಿಂದಿಯ ‘ಹೋಮ್‌ಬೌಂಡ್’ ಲಾಕ್‌ಡೌನ್ ಕಾಲದ ಇಬ್ಬರು ಗೆಳೆಯರದ್ದು, ಅದಕ್ಕೆ ಗಟ್ಟಿ ಮನಸ್ಸು ಬೇಕು.

ಅಪ್ಪ ಅಮ್ಮ ಬಂದ ದಿನ ‘ಸು ಫ್ರಮ್ ಸೋ’, ಎರಡು ದಿನ ಬಿಟ್ಟು ರಾತ್ರಿ ಊಟ ಆದಮೇಲೆ ‘ಅಜ್ಞಾತವಾಸಿ’, ನಾನಾಗಿದ್ದರೆ ಹೀಗೆ ಹಾಕುತ್ತಿದ್ದೆ.

ನಿಮ್ಮಿಂದ ನನಗೂ ಒಂದು ಉಪಕಾರ ಆಗಬೇಕು. ‘ಪೆಡ್ರೊ’ ಮಾಡಿದ ನಟೇಶ್ ಹೆಗಡೆ ಅವರ ‘ವಾಘಾಚಿಪಾಣಿ’ 2025ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅಮರೇಶ ನುಗಡೋಣಿ ಅವರ ಕಥೆ, ಅಚ್ಯುತ್ ಕುಮಾರ್ ಇದ್ದಾರೆ. ನಮ್ಮೂರ ಕಡೆ ನನಗಿನ್ನೂ ನೋಡೋಕೆ ಸಿಕ್ಕಿಲ್ಲ. ನಿಮ್ಮ ಪುಣೆಯಲ್ಲಿ ಚಿತ್ರೋತ್ಸವ, ಫಿಲ್ಮ್ ಕ್ಲಬ್ ಅಂತ ಏನಾದರೊಂದು ನಡೆಯುತ್ತಲೇ ಇರುತ್ತೆ. ಅಲ್ಲೆಲ್ಲಾದರೂ ಹಾಕಿದರೆ ಇಲ್ಲೇ ಕಾಮೆಂಟಿನಲ್ಲಿ ಒಂದು ಮಾತು ತಿಳಿಸಿ, ರಾತ್ರಿ ಬಸ್ ಹತ್ತೋಕೆ ನಾನು ರೆಡಿ.