ನ್ಯಾನೋ ಇನ್ಸುಲಿನ್ ಮಾತ್ರೆ ನಿಜಾನಾ? ಅಮ್ಮನ ಇಂಜೆಕ್ಷನ್ ನಿಲ್ಲಿಸಬಹುದಾ?

ನಿಮ್ಮ ಅಮ್ಮ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಸೂಜಿ ಅಂದ್ರೆ ಅವರಿಗೆ ಭಯ. ಅಷ್ಟರಲ್ಲಿ ‘ನ್ಯಾನೋ ಇನ್ಸುಲಿನ್ ಮಾತ್ರೆ ಬಂದಿದೆ’ ಅಂತ ವಾಟ್ಸಾಪ್ ಮೆಸೇಜ್ ನೋಡಿದ್ದೀರಿ. ಟೈಪ್ 2 ಡಯಾಬಿಟಿಸ್‌ಗೆ ಕೊಡುವ ಸೆಮಾಗ್ಲುಟೈಡ್ ಅನ್ನೋ ಮಾತ್ರೆ ಅದೇನಾ ಅಂತಲೂ ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ: ಅಂಥ ಇನ್ಸುಲಿನ್ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಇಂಜೆಕ್ಷನ್ ದಯವಿಟ್ಟು ನಿಲ್ಲಿಸಬೇಡಿ.

ಎಂ.ಫಾರ್ಮ್ ಓದುವಾಗ ನಾನು ಲ್ಯಾಬ್‌ನಲ್ಲಿ ನ್ಯಾನೋ ಕಣಗಳನ್ನು, ಅಂದ್ರೆ ಔಷಧಿ ಹೊರುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಮಾಡಿದ್ದೇನೆ. ಸಿಗಡಿ, ಏಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಪುಡಿಯನ್ನು ತೆಳು ಅಸಿಟಿಕ್ ಆಸಿಡ್‌ನಲ್ಲಿ ಕರಗಿಸಬೇಕು. ವಿನೆಗರ್ ವಾಸನೆ ರೂಮೆಲ್ಲ ತುಂಬುತ್ತೆ. ಅದು ತಿರುಗುತ್ತಿರುವಾಗಲೇ ಟ್ರೈಪಾಲಿಫಾಸ್ಫೇಟ್ ಅನ್ನೋ ಲವಣದ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ನೀರಿನಂತಿದ್ದದ್ದು ನೋಡನೋಡುತ್ತಲೇ ತೆಳು ನೀಲಿ ಛಾಯೆಗೆ ಮಬ್ಬಾಗುತ್ತೆ. ಕಣ ಕಟ್ಟಿತು ಅಂತ ಅದರಿಂದಲೇ ಗೊತ್ತಾಗೋದು. ಔಷಧಿ ಆ ಕಣಗಳೊಳಗೆ ಸೇರಿಕೊಂಡಿರುತ್ತೆ.

ಇಷ್ಟೆಲ್ಲ ಯಾಕೆ ಅಂದ್ರೆ, ಇನ್ಸುಲಿನ್ ಅನ್ನೋದು ಒಟ್ಟು 51 ಅಮೈನೋ ಆಮ್ಲಗಳ ಎರಡು ಸರಪಳಿ ಸೇರಿದ ಪ್ರೋಟೀನ್. ಹೊಟ್ಟೆಗೆ ಅದಕ್ಕೂ ನಾವು ತಿನ್ನುವ ಬೇಳೆಗೂ ವ್ಯತ್ಯಾಸ ಗೊತ್ತಿಲ್ಲ, ಅರಗಿಸಿಬಿಡುತ್ತೆ. ಉಳಿದದ್ದಕ್ಕೆ ಕರುಳಿನ ಲೋಳೆ ಅಡ್ಡ ನಿಲ್ಲುತ್ತೆ. ಅದನ್ನೂ ದಾಟಿದರೆ ಒತ್ತೊತ್ತಾಗಿ ಕೂತ ಜೀವಕೋಶಗಳ ಗೋಡೆ. ನ್ಯಾನೋ ಕಣ ಔಷಧಿಯನ್ನು ಸ್ವಲ್ಪ ಹೊತ್ತು ಕಾಯುತ್ತೆ. ಕೈಟೋಸಾನ್ ಆದರೆ ಆ ಕೋಶಗಳ ನಡುವಿನ ಸಂದನ್ನು ಕೊಂಚ ಸಡಿಲಿಸುತ್ತೆ ಕೂಡ. ಆದರೆ ಹೊಟ್ಟೆಯ ಆಸಿಡ್‌ನಲ್ಲಿ ಅದೇ ಕೈಟೋಸಾನ್ ಕರಗಿಬಿಡುತ್ತೆ. ಹಾಗಾಗಿ ಮೇಲೆ ಇನ್ನೊಂದು ಲೇಪ ಬೇಕಾಗುತ್ತೆ.

ಇದು ಹೊಸದೇನಲ್ಲ. ನ್ಯಾನೋ ಕ್ಯಾಪ್ಸೂಲ್‌ನಲ್ಲಿ ಇನ್ಸುಲಿನ್ ಕುಡಿಸಿ ಇಲಿಗಳ ಸಕ್ಕರೆ ಇಳಿಸಿದ್ದನ್ನು ಫ್ರಾನ್ಸಿನ ವಿಜ್ಞಾನಿಗಳು 1988ರಲ್ಲೇ ಪ್ರಕಟಿಸಿದ್ದರು. 2024ರ ಜನವರಿಯಲ್ಲಿ ಸಿಲ್ವರ್ ಸಲ್ಫೈಡ್ ನ್ಯಾನೋ ಕಣಗಳಿಗೆ ಇನ್ಸುಲಿನ್ ಅಂಟಿಸಿ ಬಬೂನ್ ಕೋತಿಗಳಿಗೆ ಕೊಟ್ಟ ಪ್ರಯೋಗ ಹೊರಬಂತು. ನಿಮಗೆ ಬಂದ ಮೆಸೇಜ್ ಬಹುಶಃ ಇದರದ್ದೇ. ಕೆಲಸ ನಿಜಕ್ಕೂ ಚೆನ್ನಾಗಿದೆ. ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಬಿಡುವ ಹಾಗೆ ಮಾಡಿದ್ದಾರೆ. ಆದರೆ ಬಬೂನ್‌ನಿಂದ ನಿಮ್ಮ ಅಮ್ಮನ ತನಕ ದಾರಿ ಉದ್ದ.

ನನ್ನ ಪ್ರಕಾರ ಔಷಧಿಯನ್ನು ಒಳಗೆ ಸೇರಿಸುವುದಕ್ಕಿಂತ ಕಷ್ಟವಾದದ್ದು ದಿನಾ ಒಂದೇ ಅಳತೆಯಲ್ಲಿ ಸೇರಿಸುವುದು. ಇವತ್ತು ನೂರರಲ್ಲಿ 1 ಪಾಲು ರಕ್ತಕ್ಕೆ ಹೋಗಿ ನಾಳೆ 3 ಪಾಲು ಹೋದರೆ ಇನ್ಸುಲಿನ್ ಮೂರು ಪಟ್ಟಾಯ್ತು. ಶುಗರ್ ದಿಢೀರ್ ಕುಸಿದು ಮನುಷ್ಯ ಬಿದ್ದುಹೋಗಬಹುದು. ಕರುಳು ದಿನಾ ಒಂದೇ ಥರ ಇರಲ್ಲ ಅಲ್ವಾ?

ಸೆಮಾಗ್ಲುಟೈಡ್ ಮಾತ್ರೆ ಗೆದ್ದದ್ದು ಇಲ್ಲೇ. ಅದೂ ಪೆಪ್ಟೈಡ್, ಅಂದ್ರೆ ಅಮೈನೋ ಆಮ್ಲಗಳ ಸರಪಳಿ, ಆದರೆ ಇನ್ಸುಲಿನ್ ಅಲ್ಲ, ನ್ಯಾನೋ ಕೂಡ ಅಲ್ಲ. 300 ಮಿಲಿಗ್ರಾಂ ಸ್ನ್ಯಾಕ್ (SNAC) ಅನ್ನೋ ಪದಾರ್ಥ ಜೊತೆಗಿದ್ದು, ಮಾತ್ರೆ ಕರಗುವ ಜಾಗದಲ್ಲಿ ಆಸಿಡ್ ತಗ್ಗಿಸಿ ಔಷಧಿಯನ್ನು ಹೊಟ್ಟೆಯ ಗೋಡೆಯಿಂದಲೇ ಒಳಗೆ ಕಳಿಸುತ್ತೆ. ಆದರೂ ಒಳಹೋಗುವುದು ನೂರರಲ್ಲಿ ಸುಮಾರು ಒಂದೇ ಪಾಲು. ಇಂಜೆಕ್ಷನ್‌ನಲ್ಲಿ ವಾರಕ್ಕೆ 1 ಮಿಲಿಗ್ರಾಂ ಸಾಕಾಗುವವರಿಗೆ ಮಾತ್ರೆಯಲ್ಲಿ ದಿನಕ್ಕೆ 14 ಮಿಲಿಗ್ರಾಂ ತನಕ ಬೇಕಾಗಬಹುದು. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಅದಕ್ಕೇ ದಿನದಿನದ ಏರುಪೇರು ಸರಿದೂಗಿಬಿಡುತ್ತೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟ ನೀರಿನ ಜೊತೆ ನುಂಗಬೇಕು. ಅರ್ಧ ಗಂಟೆ ಕಾಫಿಯನ್ನೂ ಮುಟ್ಟೋ ಹಾಗಿಲ್ಲ.

ಸಾಮಾನ್ಯ ಇನ್ಸುಲಿನ್‌ಗೆ ಹೀಗೆ ರಕ್ತದಲ್ಲಿ ತುಂಬ ದಿನ ಉಳಿಯುವ ಅನುಕೂಲ ಇಲ್ಲ. ಬೆಂಗಳೂರಿನ ಔಷಧಿ ಕಂಪನಿ ಬಯೋಕಾನ್ ಕೂಡ ಐಎನ್-105 ಅನ್ನೋ ಇನ್ಸುಲಿನ್ ಮಾತ್ರೆಗೆ ವರ್ಷಗಟ್ಟಲೆ ದುಡಿಯಿತು. 2011ರಲ್ಲಿ ಅದರ ದೊಡ್ಡ ಪ್ರಯೋಗ ಮುಖ್ಯ ಗುರಿ ಮುಟ್ಟಲಿಲ್ಲ. ಡೆನ್ಮಾರ್ಕ್‌ನ ನೋವೋ ನಾರ್ಡಿಸ್ಕ್ ಕಂಪನಿಯ ಒಂದು ಇನ್ಸುಲಿನ್ ಮಾತ್ರೆ ಇಂಜೆಕ್ಷನ್‌ನಷ್ಟೇ ಸಕ್ಕರೆ ಇಳಿಸಿತ್ತು. ಆದರೆ ಒಂದೊಂದು ಡೋಸ್‌ಗೆ ಅಷ್ಟೊಂದು ಇನ್ಸುಲಿನ್ ಸುರಿಯಬೇಕಾಗಿದ್ದರಿಂದ ಅದನ್ನೂ ಕೈಬಿಟ್ಟರು. ಇದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತೆ. ಯಾಕಂದ್ರೆ ಕರುಳಿನಿಂದ ಹೋದ ಇನ್ಸುಲಿನ್ ಮೊದಲು ಲಿವರ್‌ಗೇ ತಲುಪುತ್ತೆ, ನಮ್ಮ ಮೇದೋಜೀರಕ ಗ್ರಂಥಿ ಕಳಿಸುವ ಹಾಗೇ. ಚರ್ಮದ ಕೆಳಗೆ ಚುಚ್ಚಿದರೆ ಹಾಗಾಗಲ್ಲ.

ಈಗ ಅಮ್ಮನ ವಿಷಯ. ಯಾವ ಸೂಜಿ ಬಳಸ್ತಿದ್ದಾರೆ ನೋಡಿ. ಹಳೇ ಉದ್ದ ಸೂಜಿಯಾದರೆ 4 ಎಂಎಂ ಪೆನ್ ಸೂಜಿ ಕೇಳಿ, ನೋವು ತುಂಬ ಕಡಿಮೆ. ಒಂದೇ ಸೂಜಿಯನ್ನು ಮತ್ತೆ ಮತ್ತೆ ಬಳಸಬೇಡಿ, ಚುಚ್ಚುವ ಜಾಗ ಬದಲಾಯಿಸ್ತಾ ಇರಿ. ಅವರದ್ದು ಟೈಪ್ 2 ಆದರೆ, ಸೆಮಾಗ್ಲುಟೈಡ್ ಸೇರಿಸಿ ಇನ್ಸುಲಿನ್ ಕಡಿಮೆ ಮಾಡಬಹುದಾ ಅಂತ ಡಾಕ್ಟರನ್ನೇ ಕೇಳಿ. ಟೈಪ್ 1 ಆದರೆ ಆ ಪ್ರಶ್ನೆಯೇ ಬರಲ್ಲ.