ಕೆನಡಾದಲ್ಲಿ ಕಡಿಮೆ ಮತ ಪಡೆದ ಪಕ್ಷ ಅಧಿಕಾರಕ್ಕೆ ಬಂದದ್ದು ಹೇಗೆ?

ಅಲ್ಲಿ ಲೆಕ್ಕಕ್ಕೆ ಬರುವುದು ದೇಶದ ಒಟ್ಟು ಮತ ಅಲ್ಲ, ಗೆದ್ದ ಕ್ಷೇತ್ರಗಳು. ನಮ್ಮ ಲೋಕಸಭೆ ಚುನಾವಣೆಯ ಹಾಗೆಯೇ, ಕ್ಷೇತ್ರದಲ್ಲಿ ಎಲ್ಲರಿಗಿಂತ ಜಾಸ್ತಿ ಮತ ಪಡೆದವರು ಸಂಸದರಾಗುತ್ತಾರೆ.

2019ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಶೇ. 34.3 ಮತ ಬಂತು, ಸೀಟು ಮಾತ್ರ 121. ಲಿಬರಲ್ ಪಕ್ಷಕ್ಕೆ ಶೇ. 33.1 ಮತ, 157 ಸೀಟು. ಮತ ಎಲ್ಲಿ ಬಿತ್ತು ಅನ್ನುವುದೇ ಇಲ್ಲಿ ಮುಖ್ಯ. ಆಲ್ಬರ್ಟಾ, ಸಸ್ಕಾಚೆವಾನ್ ಪ್ರಾಂತ್ಯಗಳಲ್ಲಿ ಕನ್ಸರ್ವೇಟಿವ್‌ಗೆ ಮತ ರಾಶಿ ಬೀಳುತ್ತದೆ. ಆದರೆ ಒಂದು ಕ್ಷೇತ್ರವನ್ನು ಎಷ್ಟೇ ದೊಡ್ಡ ಅಂತರದಲ್ಲಿ ಗೆದ್ದರೂ ಸಿಗುವುದು ಒಂದೇ ಸೀಟು ಅಲ್ವಾ? ಉಳಿದ ಮತ ಸುಮ್ನೆ ಹೋಗುತ್ತದೆ. ಲಿಬರಲ್ ಮತಗಳು ಒಂಟಾರಿಯೊ, ಕ್ವಿಬೆಕ್‌ನ ಹೆಚ್ಚು ಕ್ಷೇತ್ರಗಳಲ್ಲಿ ಹರಡಿಕೊಂಡಿದ್ದವು. 2021ರಲ್ಲೂ ಹೀಗೇ ಆಯಿತು.

ಕರ್ನಾಟಕದಲ್ಲೂ 2018ರಲ್ಲಿ ಇದನ್ನು ನೋಡಿದ್ದೇವೆ: ಹೆಚ್ಚು ಮತ ಕಾಂಗ್ರೆಸ್ಸಿಗೆ, ಹೆಚ್ಚು ಸೀಟು ಬಿಜೆಪಿಗೆ.

ಈ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ 2015ರದ್ದೇ ಎಂದು ಲಿಬರಲ್ ಪಕ್ಷದ ಆಗಿನ ನಾಯಕ ಜಸ್ಟಿನ್ ಟ್ರುಡೊ ಮಾತು ಕೊಟ್ಟಿದ್ದರು. 2017ರಲ್ಲಿ ಅದನ್ನು ಕೈಬಿಟ್ಟರು. ಜನ ಇದನ್ನು ಇನ್ನೂ ಕೇಳುತ್ತಿದ್ದಾರೆ, ಕೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.