ಮಳೆಗಾಲ ಬಿಟ್ಟು ಬೆಟ್ಟ ನೋಡಿದರೆ ಏನು ಕಂಡೀತು?

ಸಂಡೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: 'ನಮ್ಮೂರ ಬೆಟ್ಟಕ್ಕೆ ಹೊಸ ಕಬ್ಬಿಣದ ಅದಿರಿನ ಗಣಿ ಬರುತ್ತದಂತೆ. ಏಪ್ರಿಲ್‌ನಲ್ಲಿ ಜೀಪಿನಲ್ಲಿ ಬಂದವರು ಎರಡು ದಿನ ಓಡಾಡಿ, ಫೋಟೊ ತೆಗೆದುಕೊಂಡು ಹೋದರು. ಈಗ ವರದಿ ಬಂದಿದೆ. ಅಪರೂಪದ ಪ್ರಾಣಿ, ಗಿಡ ಯಾವುದೂ ಇಲ್ಲವಂತೆ. ಕರಡಿ ಕಾಣದ ವರ್ಷವೇ ಇಲ್ಲ ನಮಗೆ. ಇದನ್ನೂ ಸಮೀಕ್ಷೆ ಅಂತಾರಾ? ಸಾರ್ವಜನಿಕ ಆಲಿಕೆ ಸಭೆಯಲ್ಲಿ ನಾವು ಏನು ಕೇಳಬೇಕು?'

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಸಭೆಯಲ್ಲಿ ಎದ್ದು ನಿಂತು 'ಕರಡಿ ಇದೆ' ಅಂದರಷ್ಟೇ ಸಾಲದು. ಯಾವ ತಿಂಗಳು ನೋಡಿದಿರಿ, ಎಲ್ಲೆಲ್ಲಿ ನೋಡಿದಿರಿ, ಎಷ್ಟು ಹೊತ್ತು ನೋಡಿದಿರಿ ಅಂತ ಕೇಳಿ. ವರದಿಯ ಬಣ್ಣ ಬಯಲಾಗುವುದು ಅಲ್ಲೇ.

ಮೊದಲು ತಿಂಗಳಿನ ವಿಚಾರ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪ್ರಕಾರ ಗಣಿಗೆ ಪರಿಸರ ಅನುಮತಿ ಕೇಳುವವರು ಅಲ್ಲಿ ಈಗ ಏನಿದೆ ಎಂಬುದನ್ನು ದಾಖಲಿಸಬೇಕು. ಕೇಂದ್ರ ಪರಿಸರ ಸಚಿವಾಲಯ ಅದಕ್ಕೆ ಕೊಡುವ ಮಾಮೂಲಿ ಷರತ್ತು ಹೀಗಿದೆ: ಮಳೆಗಾಲ ಬಿಟ್ಟು ಯಾವುದಾದರೂ ಒಂದು ಋತುವಿನ ಮಾಹಿತಿ ಸಾಕು. ಗಾಳಿ, ನೀರು, ಮಣ್ಣು, ಶಬ್ದ, ಜೊತೆಗೆ ಗಿಡ ಮತ್ತು ಪ್ರಾಣಿ, ಎಲ್ಲಕ್ಕೂ ಇದೇ ಅಳತೆ. ಗಾಳಿಯ ದೂಳು ಅಳೆಯಲು ಮಳೆಗಾಲ ಬಿಟ್ಟರೆ ಅರ್ಥವಿದೆ, ಮಳೆ ದೂಳನ್ನು ತೊಳೆದುಬಿಡುತ್ತದೆ. ಕಪ್ಪೆಗೂ ಅದೇ ಷರತ್ತು ಹಾಕಿದರೆ ಹೇಗೆ?

ನಿಮ್ಮಂಥ ಒಣ ಸೀಮೆಯ ಕಪ್ಪೆಗಳಲ್ಲಿ ಕೆಲವು ವರ್ಷದ ಬಹುಪಾಲು ನೆಲದೊಳಗೇ ಇರುತ್ತವೆ. ಹಿಂಗಾಲಿನಲ್ಲಿ ಸಲಿಕೆಯಂಥ ಗಟ್ಟಿ ಗಂಟು ಇರುತ್ತದೆ. ಅದರಿಂದ ಮಣ್ಣು ಕೆದಕುತ್ತಾ ಹಿಂದು ಹಿಂದಕ್ಕೇ ಸರಿದು ಹೂತುಕೊಳ್ಳುತ್ತವೆ. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಮೇಲೆದ್ದು ವಟಗುಟ್ಟಿ, ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು, ಮತ್ತೆ ಮಣ್ಣು ಸೇರುತ್ತವೆ. ಏಪ್ರಿಲ್‌ನ ಹಗಲಲ್ಲಿ ಬಂದವರಿಗೆ ಅವು ಸಿಗುವುದೆಲ್ಲಿ? ಗಿಡಗಳದ್ದೂ ಇದೇ ಕಥೆ. ಗೌರಿ ಹಬ್ಬದ ಹೊತ್ತಿಗೆ ಪೊದೆ ಹತ್ತಿ ಕೆಂಪು-ಹಳದಿ ಹೂ ಬಿಡುವ ಅಗ್ನಿಶಿಖೆಯನ್ನು ನೀವು ನೋಡಿರುತ್ತೀರಿ. ಬೇಸಿಗೆಯಲ್ಲಿ ಅದರ ಬಳ್ಳಿಯೇ ಇರುವುದಿಲ್ಲ, ಗೆಡ್ಡೆ ಮಾತ್ರ ನೆಲದಡಿ ಇರುತ್ತದೆ. ನೆಲದ ಮೇಲೆ ಬೆಳೆಯುವ ಆರ್ಕಿಡ್‌ಗಳೂ ಹಾಗೇ. ನನ್ನ ಕೇಳಿದರೆ, ಮಳೆಗಾಲ ಸೇರದ ಸಮೀಕ್ಷೆಯನ್ನು ಒಪ್ಪಲೇಬಾರದು. 'ಮಳೆಗಾಲದಲ್ಲಿ ನೋಡಿಲ್ಲ' ಅಂತ ಬರೆಯಬೇಕಾದ ಕಡೆ 'ಇಲ್ಲ' ಅಂತ ಬರೆಯುವುದು ಸುಳ್ಳು.

ಇನ್ನು ಎಲ್ಲಿ, ಎಷ್ಟು ಹೊತ್ತು ಎಂಬ ಮಾತು. ಗಣಿ ಗುತ್ತಿಗೆಯ ಜಾಗ ಒಂದು, ಅದರ ಅಂಚಿನಿಂದ ಸುತ್ತ 10 ಕಿಲೋಮೀಟರ್ ಇನ್ನೊಂದು. ಎರಡರ ಗಿಡ, ಪ್ರಾಣಿಗಳ ಪಟ್ಟಿಯೂ ಬೇರೆ ಬೇರೆ ಇರಬೇಕು, ಅದೂ ಕಾಲಲ್ಲಿ ನಡೆದು ಮಾಡಿದ್ದಾಗಿರಬೇಕು. ನಡೆದ ದಾರಿ, ಗಿಡ ಎಣಿಸಿದ ಚೌಕ, ಕ್ಯಾಮೆರಾ ಕಟ್ಟಿದ ಮರ, ಎಲ್ಲದರ ಜಿಪಿಎಸ್ ಗುರುತು ವರದಿಯಲ್ಲಿದೆಯಾ ನೋಡಿ. ಐದು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋಗಿ ಎಣಿಸಿದರೆ ತಾನೇ ಗಣಿಯಿಂದ ಏನಾಯಿತು ಅಂತ ತಿಳಿಯುವುದು? ಗಣಿಯ ಸದ್ದು, ದೂಳು ತಾಕದ ಇನ್ನೊಂದು ಬೆಟ್ಟದಲ್ಲೂ ಹೀಗೇ ಎಣಿಸಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ 'ಮಳೆ ಕಮ್ಮಿಯಾಯ್ತು, ಅದಕ್ಕೇ ಹಕ್ಕಿ ಕಮ್ಮಿ' ಅಂತ ಯಾರೂ ಜಾರಿಕೊಳ್ಳಲು ಆಗುವುದಿಲ್ಲ.

ಎಷ್ಟು ದಿನ ಸಾಕು ಅನ್ನುವುದಕ್ಕೂ ಒಂದು ಲೆಕ್ಕವಿದೆ. ದಿನಾ ನಡೆದು ಪಟ್ಟಿ ಮಾಡುತ್ತಾ ಹೋದರೆ ಮೊದಮೊದಲು ಹೊಸ ಹೆಸರು ಜಾಸ್ತಿ ಸೇರುತ್ತವೆ, ಆಮೇಲೆ ಕಮ್ಮಿಯಾಗುತ್ತವೆ. ಹೊಸದು ಸಿಗುವುದು ಹೆಚ್ಚುಕಮ್ಮಿ ನಿಂತ ಮೇಲಷ್ಟೇ ಸಮೀಕ್ಷೆ ನಿಲ್ಲಿಸಬಹುದು. ಇದನ್ನು ತೋರಿಸುವ ರೇಖಾಚಿತ್ರ ಕೇಳಿ. ಎರಡು ದಿನದ ಓಡಾಟದಲ್ಲಿ ಅಂಥದ್ದು ಹುಟ್ಟುವುದೇ ಇಲ್ಲ. ಹಳದಿ ಗಂಟಲಿನ ಪಿಕಳಾರವನ್ನೇ ತೆಗೆದುಕೊಳ್ಳಿ. ದಕ್ಷಿಣ ಭಾರತದ ಬಂಡೆಗುಡ್ಡ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಸಂಡೂರಿನ ಬೆಟ್ಟಗಳಲ್ಲಿದೆ. ನಾಚಿಕೆಯದ್ದು, ಪೊದೆಯಿಂದ ಪೊದೆಗೆ ಸರಕ್ಕನೆ ದಾಟಿಬಿಡುತ್ತದೆ. ಜೀಪಿನಿಂದ ಇಳಿಯದವರಿಗೆ ಕಾಣುವುದಲ್ಲ.

ಇನ್ನು ಕರಡಿಯ ಹೆಸರು ವರದಿಯಲ್ಲಿ ಯಾಕೆ ಬಿಟ್ಟುಹೋಯಿತು ಎಂಬ ಪ್ರಶ್ನೆ. ಕರಡಿ, ಚಿರತೆ, ಕೊಂಡುಕುರಿ ಮೂರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಒಂದನೇ ಪಟ್ಟಿಯಲ್ಲಿವೆ. ಅವುಗಳ ಹೆಸರು ವರದಿಯಲ್ಲಿ ಬಂತೆಂದರೆ ಗಣಿ ಕಂಪನಿ ಅರಣ್ಯ ಇಲಾಖೆಯ ಜೊತೆ ಕೂತು ರಕ್ಷಣಾ ಯೋಜನೆ ಮಾಡಬೇಕು, ದುಡ್ಡು ಎತ್ತಿಡಬೇಕು. ವರದಿ ಬರೆಯುವ ಸಲಹಾ ಸಂಸ್ಥೆಗೆ ಸಂಬಳ ಕೊಡುವುದು ಗಣಿ ಕಂಪನಿಯೇ. ನಿಮ್ಮ ಊರಿನ ವರದಿಯಲ್ಲಿ ಏನು ನಡೆಯಿತೋ ನಾನು ಹೇಳಲಾರೆ. ಈ ಏರ್ಪಾಡೇ ಕೆಟ್ಟದ್ದು ಎಂದು ಮಾತ್ರ ಖಂಡಿತ ಹೇಳುತ್ತೇನೆ. ಮಹಾರಾಷ್ಟ್ರದ ರತ್ನಗಿರಿಯ ಬಾಕ್ಸೈಟ್ ಗಣಿಯ ವರದಿಯೊಂದರಲ್ಲಿ ರಷ್ಯಾದ ಗಣಿಯ ವರದಿಯಿಂದ ಸಾಲುಸಾಲೇ ಎತ್ತಿದ್ದು 2007ರಲ್ಲಿ ಹೊರಬಂದಿತ್ತು. ಕೊಂಕಣದ ಕಾಡಿಗೆ ರಷ್ಯಾದ ಮರಗಳು!

ಸಂಡೂರಿಗೆ ಇದು ಬರೀ ಕಾಗದದ ಜಗಳವಲ್ಲ. ನಿಮ್ಮದೇ ತಾಲ್ಲೂಕಿನ ದೇವದಾರಿ ಗಣಿಗೆ ಕೇಳಿದ್ದು 400 ಹೆಕ್ಟೇರ್‌ಗೂ ಹೆಚ್ಚು ಅರಣ್ಯ, ಕಡಿಯಬೇಕಾದ ಮರಗಳ ಲೆಕ್ಕ 99 ಸಾವಿರ ದಾಟಿತ್ತು. ಮರವನ್ನಾದರೂ ಎಣಿಸಿದರು. ಅದರ ಬುಡದಲ್ಲಿ ಹೂತಿರುವುದನ್ನು ಎಣಿಸುವವರು ಯಾರು?

ಈಗ ಮಾಡಬೇಕಾದ್ದು. ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಬರಬೇಕು. ವರದಿಯ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಪಂಚಾಯಿತಿಯಲ್ಲಿ ಓದಲು ಸಿಗಬೇಕು. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಬಳಿ, ಊರಿನ ಗಿಡ, ಪ್ರಾಣಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು, ಅದರ ಪ್ರತಿ ಕೇಳಿ. ಕುರಿ ಕಾಯುವವರ ಹತ್ತಿರ ಕೂತು ಕರಡಿ ಗುಹೆ ಎಲ್ಲಿ, ನೀರಿನ ಸೆಲೆ ಎಲ್ಲಿ ಅಂತ ನಕ್ಷೆ ಮೇಲೆ ಗುರುತು ಹಾಕಿಸಿಕೊಳ್ಳಿ. ಫೋಟೊ ಇದ್ದರೆ ತಾರೀಖಿನ ಸಮೇತ ಕೊಡಿ. ಬಾಯಲ್ಲಿ ಹೇಳಿದ್ದನ್ನೇ ಬರೆದು, ಸಭೆ ಏರ್ಪಡಿಸುವ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸಭೆ ಮುಗಿಯುವ ಮುಂಚೆ ಅಲ್ಲಿ ನಡೆದ ಚರ್ಚೆಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ, ನಡಾವಳಿಗೆ ಸಹಿಯೂ ಅದೇ ದಿನ ಬೀಳಬೇಕು. ಅಲ್ಲಿಯವರೆಗೆ ಯಾರೂ ಎದ್ದು ಹೋಗಬೇಡಿ. ಮಳೆಗಾಲದ ಸಮೀಕ್ಷೆ ಬೇಕೆಂಬ ನಿಮ್ಮ ಮಾತು ಅದರಲ್ಲಿ ಇಲ್ಲದಿದ್ದರೆ, ಸಹಿ ಬೀಳುವ ಮೊದಲೇ ಸೇರಿಸಿ ಅಂತ ಕೇಳಿ.

– ಸಂಪಾದಕ